ನಿಂತುಹೋದ ಹಳೆಯ ಟು-ಸ್ಟ್ರೋಕ್ ಬೈಕಿನ ಎಂಜಿನ್ ಮತ್ತೆ ಕಟ್ಟುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಅಡಿಕೆ ಕೊಟ್ಟಿಗೆಯ ಮೂಲೆಯಲ್ಲಿ ಗೋಣಿ ಹೊದ್ದು ನಿಂತ ಯಮಹಾ ಆರ್‌ಎಕ್ಸ್ 100, ಆರ್‌ಎಕ್ಸ್ 135, ಸುಜುಕಿ ಶೋಗನ್ ಬೈಕುಗಳು ಕಾಸರಗೋಡು ಜಿಲ್ಲೆಯ ಬದಿಯಡ್ಕ, ಮುಳ್ಳೇರಿಯ, ಪೆರ್ಲ, ಪೈವಳಿಕೆ ಕಡೆ ಈಗಲೂ ಕಾಣಸಿಗುತ್ತವೆ. ಡರ್ಟ್ ಬೈಕ್ ಎಂದು ಕಂಪೆನಿ ಮಾಡಿ ಕೊಟ್ಟವಲ್ಲ ಇವು. ಗುಬುಟು ಟಯರು, ಎತ್ತರದ ಹ್ಯಾಂಡಲ್ ಹಾಕಿ ಗುಡ್ಡಕ್ಕೆ, ಮಣ್ಣಿನ ಓಟಕ್ಕೆ ಒಗ್ಗಿಸಿಕೊಂಡವು. ಕೆಳಗಿನ ಅಳತೆಗಳೆಲ್ಲ ಆರ್‌ಎಕ್ಸ್ 100ನ್ನು ಎದುರಿಗಿಟ್ಟುಕೊಂಡು ಹೇಳಿದವು (98 ಸಿಸಿ; ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ 50 ಮಿ.ಮೀ.; ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ 50 ಮಿ.ಮೀ.). ಉಳಿದ ಗಾಡಿಗಳಿಗೆ ಅಂಕಿ ಬದಲಾದೀತು, ಕೆಲಸದ ಕ್ರಮ ಬದಲಾಗದು.

ಎಂಜಿನ್ ಬಿಚ್ಚಲೇಬೇಕೇ? ಕಾರ್ಬೊರೇಟರ್ ತೊಳೆದರೆ ಸಾಕಾಗಬಹುದೇ?

ಸಾಕಾಗುವುದೂ ಉಂಟು. ಸ್ಪ್ಯಾನರ್ ಹಿಡಿಯುವ ಮೊದಲು ಮೂರು ಪರೀಕ್ಷೆ ಮಾಡಿ. ಮೊದಲನೆಯದು ಕಂಪ್ರೆಶನ್, ಅಂದರೆ ಪಿಸ್ಟನ್ ಮೇಲೇರುವಾಗ ಹುಟ್ಟುವ ಒತ್ತಡ: ಪ್ಲಗ್ ತೆಗೆದು ಆ ತೂತಿಗೆ ಗೇಜ್ ಕೂರಿಸಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು ಏಳೆಂಟು ಸಲ ಕಿಕ್ ಮಾಡಿ. 100ರಿಂದ 130 ಪಿಎಸ್ಐ ಬಂದರೆ ಮೇಲ್ಭಾಗ ಆರೋಗ್ಯವಾಗಿದೆ. 90ಕ್ಕಿಂತ ಕೆಳಗಾದರೆ ಬೋರ್, ರಿಂಗ್ (ಪಿಸ್ಟನ್ ಸುತ್ತಿನ ಬಳೆ) ಸವೆದಿವೆ ಅಥವಾ ರಿಂಗ್ ಕರಿಯಲ್ಲಿ ಅಂಟಿಕೊಂಡಿದೆ. ಎರಡನೆಯದು ಕ್ರ್ಯಾಂಕ್, ಅಂದರೆ ಪಿಸ್ಟನ್ನಿನ ಏರಿಳಿತಕ್ಕೆ ತಿರುಗುವ ಶಾಫ್ಟ್: ಎಡಗಡೆಯ ಕವರ್ ಕಳಚಿ ಮ್ಯಾಗ್ನೆಟ್ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕೈಗೆ ಆಟ ಸಿಕ್ಕಿತೆಂದರೆ ಮೇನ್ ಬೇರಿಂಗ್ ಹೋಗಿದೆ. ಮೂರನೆಯದು ಗೇರ್ ಆಯಿಲ್: ಡ್ರೇನ್ ಬೋಲ್ಟ್ ಬಿಚ್ಚಿದಾಗ ಹಾಲು ಹಾಕಿದ ಚಹಾದ ಬಣ್ಣದ್ದು ಬಂದರೆ ಒಳಗೆ ನೀರು ಸೇರಿದೆ. ಆಗ ಬೇರಿಂಗುಗಳಿಗೆ ತುಕ್ಕು ಹತ್ತಿರುತ್ತದೆ, ಬಿಚ್ಚದೆ ದಾರಿಯಿಲ್ಲ.

ಮೂರೂ ಸರಿಯಿದ್ದರೆ ಕಿಡಿ ಮತ್ತು ಪೆಟ್ರೋಲ್ ಕಡೆಗೆ ಹೋಗಿ.

ಕಿಕ್ಕರ್ ಅಲುಗುವುದೇ ಇಲ್ಲ. ಹಾರಿ ತುಳಿಯಲೇ?

ಬೇಡ. ಪಿಸ್ಟನ್ ಬಿಡುವ ಮೊದಲು ಕಿಕ್ ಗೇರ್ ಮುರಿಯುತ್ತದೆ, ಒಂದು ಕೆಲಸ ಇದ್ದದ್ದು ಎರಡಾಗುತ್ತದೆ. ಪ್ಲಗ್ ತೆಗೆದು ಡೀಸೆಲ್ ಮತ್ತು ಪವರ್ ಸ್ಟಿಯರಿಂಗಿಗೆ ಹಾಕುವ ಎಟಿಎಫ್ ಎಣ್ಣೆಯನ್ನು ಸಮಪ್ರಮಾಣದಲ್ಲಿ ಬೆರೆಸಿ ಸುಮಾರು 50 ಮಿ.ಲೀ. ಒಳಗೆ ಹೊಯ್ಯಿರಿ. ಮೂರು ನಾಲ್ಕು ದಿನ ಹಾಗೇ ಬಿಡಿ. ಎಣ್ಣೆ ಇಳಿದುಹೋದರೆ ಮತ್ತೆ ಹೊಯ್ಯಿರಿ. ಆಮೇಲೆ ಮ್ಯಾಗ್ನೆಟ್ ನಟ್ಟಿಗೆ ಸಾಕೆಟ್ ಹಾಕಿ ಹಿಂದಕ್ಕೂ ಮುಂದಕ್ಕೂ ಸ್ವಲ್ಪ ಸ್ವಲ್ಪವೇ ಅಲುಗಿಸಿ. ಒಂದು ಮಿಲಿಮೀಟರ್ ಅಲುಗಿದರೂ ಗೆದ್ದಿರಿ, ಉಳಿದದ್ದು ತಾಳ್ಮೆಯ ಕೆಲಸ.

ಒಪ್ಪದಿದ್ದರೆ ಹೆಡ್ (ಸಿಲಿಂಡರಿನ ಮೇಲ್ಮುಚ್ಚಳ) ಕಳಚಿ. ಪಿಸ್ಟನ್ ತಲೆಯ ಮೇಲೆ ಬೋರಿಗಿಂತ ತುಸು ಸಣ್ಣದಾದ ಮೆದು ಮರದ ತುಂಡು ಇಟ್ಟು ಅದಕ್ಕೆ ಬಡಿಯಿರಿ. ಕಬ್ಬಿಣದ ರಾಡು ಇಟ್ಟರೆ ಪಿಸ್ಟನ್ ತೂತಾಗುತ್ತದೆ. ಪಿಸ್ಟನ್ ಹೇಗೂ ಬದಲಾಗುವುದೇ, ಆದರೆ ಆ ಪೆಟ್ಟು ಕನೆಕ್ಟಿಂಗ್ ರಾಡಿಗೂ ಹೋಗುತ್ತದೆ ಎಂಬುದು ನೆನಪಿರಲಿ.

ಶೆಡ್ಡಿನೊಳಗೆ ಇದ್ದ ಗಾಡಿಯ ಎಂಜಿನಿಗೆ ತುಕ್ಕು ಹೇಗೆ ಬಂತು?

ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ ಸುರಿಯುವ ಊರಿನಲ್ಲಿ ಸೂರು ಇದ್ದರಷ್ಟೇ ಸಾಲದು. ಈ ಟು-ಸ್ಟ್ರೋಕ್ ಎಂಜಿನಿನಲ್ಲಿ ಸೈಲೆನ್ಸರ್ ಬದಿಯನ್ನು ಮುಚ್ಚುವ ವಾಲ್ವ್ ಇಲ್ಲ. ಪಿಸ್ಟನ್ ಕೆಳಗೆ ನಿಂತಿದ್ದರೆ ಸೈಲೆನ್ಸರಿನ ಬಾಯಿಂದ ಬೋರಿನವರೆಗೆ ದಾರಿ ತೆರೆದೇ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಥಂಡಿ ಗಾಳಿ ಆ ದಾರಿಯಲ್ಲಿ ಒಳಗೆ ಹೋಗಿ ನೀರಾಗಿ ಕೂರುತ್ತದೆ. ರಿಂಗ್ ತಾಗಿ ನಿಂತ ಜಾಗದಲ್ಲಿ ಬಳೆಯಂಥ ತುಕ್ಕಿನ ಗೆರೆ ಮೂಡಿ ಹೊಂಡ ಬೀಳುತ್ತದೆ.

ಹೊಸ ಪಿಸ್ಟನ್ ತಂದಿಟ್ಟುಕೊಂಡೇ ಕೆಲಸ ಶುರು ಮಾಡಬಹುದೇ?

ಅತಿ ಹೆಚ್ಚು ದುಡ್ಡು ಹಾಳಾಗುವುದು ಇಲ್ಲೇ. ಬೋರ್ ಅಳೆಯದೆ ಪಿಸ್ಟನ್ ಸೈಜ್ ಗೊತ್ತಾಗುವುದಿಲ್ಲ. ಅದಕ್ಕಿಂತ ದೊಡ್ಡ ಮಾತು: ಎಂಜಿನ್ ಯಾಕೆ ಸತ್ತಿತು ಎಂದು ತಿಳಿಯದೆ ಹೊಸ ಪಿಸ್ಟನ್ ಹಾಕಿದರೆ ಅದೂ ಅದೇ ಕಾರಣಕ್ಕೆ ಸಾಯುತ್ತದೆ. ಹಳೆಯ ಪಿಸ್ಟನ್ ಬಿಸಾಡಬೇಡಿ, ಒರೆಸಲೂ ಬೇಡಿ. ಕಾರಣ ಅದರ ಮೈಮೇಲೆಯೇ ಬರೆದಿರುತ್ತದೆ.

ಹಳೆಯ ಪಿಸ್ಟನ್ ನೋಡಿ ಏನು ತಿಳಿಯಬಹುದು?

ಸೈಲೆನ್ಸರ್ ಬದಿಯಲ್ಲಿ ಮಾತ್ರ ಮೇಲಿಂದ ಕೆಳಗೆ ಒರೆದ, ಅಲ್ಯೂಮಿನಿಯಂ ಮೆತ್ತಿಕೊಂಡ ಗೆರೆಗಳಿದ್ದರೆ ಎಂಜಿನ್ ಮಿತಿಮೀರಿ ಬಿಸಿಯಾಗಿದೆ. ಒಂದೋ 2ಟಿ ಎಣ್ಣೆ (ಪೆಟ್ರೋಲಿನೊಡನೆ ಎಂಜಿನಿಗೆ ಹೋಗುವ ಟು-ಸ್ಟ್ರೋಕ್ ಎಣ್ಣೆ) ಸಾಲದೆ ಬಂದಿದೆ, ಇಲ್ಲವೇ ಎಲ್ಲಿಂದಲೋ ಕಳ್ಳಗಾಳಿ ಸೇರಿ ಪೆಟ್ರೋಲ್ ಕಮ್ಮಿಯಾಗಿದೆ. ಈ ಕಳ್ಳಗಾಳಿ ಹೆಚ್ಚಾಗಿ ಮ್ಯಾಗ್ನೆಟ್ ಬದಿಯ ಕ್ರ್ಯಾಂಕ್ ಸೀಲಿನದು, ಅಥವಾ ಕಾರ್ಬೊರೇಟರ್ ಮತ್ತು ಎಂಜಿನ್ ನಡುವಿನ ಬಿರುಕು ಬಿಟ್ಟ ರಬ್ಬರಿನದು. ನಿಲ್ಲುವ ಮುಂಚಿನ ದಿನಗಳಲ್ಲಿ ಆಕ್ಸಿಲರೇಟರ್ ಬಿಟ್ಟರೂ ಆರ್‌ಪಿಎಂ ಇಳಿಯದೆ ಗಾಡಿ ಕಿರುಚುತ್ತಿತ್ತು ಎಂದಾದರೆ ಸಂಶಯವೇ ಬೇಡ.

ಸುತ್ತ ನಾಲ್ಕೂ ಕಡೆ ಒರೆದಿದ್ದರೆ ಪಿಸ್ಟನ್ ಮತ್ತು ಬೋರ್ ನಡುವಿನ ಸಂದು ಬಿಗಿಯಾಗಿತ್ತು, ಅಥವಾ ತಣ್ಣನೆಯ ಎಂಜಿನನ್ನು ಸ್ಟಾರ್ಟ್ ಮಾಡಿದೊಡನೆ ಎಳೆದಿದ್ದಾರೆ.

ಕಾರ್ಬೊರೇಟರ್ ಬದಿಯಲ್ಲಿ ಹೊಳಪು ಹೋಗಿ, ಮರಳು ಕಾಗದದಿಂದ ತಿಕ್ಕಿದ ಹಾಗೆ ಸಣ್ಣ ಗೆರೆಗಳಿದ್ದರೆ ಧೂಳು ಕುಡಿದಿದೆ. ಮುರಕಲ್ಲಿನ ನಾಡಿನ ಕೆಂಪು ಧೂಳು ಹಿಟ್ಟಿನಷ್ಟು ನಯ, ಬೋರಿನ ಒಳಗೆ ಅದೇ ಅರ. ಗುಡ್ಡದಲ್ಲಿ ಓಡಿದ ಬೈಕುಗಳಲ್ಲಿ, ಅದರಲ್ಲೂ ಶಬ್ದ ಚೆನ್ನಾಗಿ ಬರಲಿ ಎಂದು ಏರ್ ಫಿಲ್ಟರ್ ಕಿತ್ತುಹಾಕಿದವುಗಳಲ್ಲಿ, ಈ ಸಾವೇ ಸಾಮಾನ್ಯ.

ತಲೆಯ ಅಂಚಿನಲ್ಲಿ ಇಲಿ ಕಚ್ಚಿದಂತೆ ಚೂರು ಹೋಗಿದ್ದರೆ ಟೈಮಿಂಗ್ (ಕಿಡಿ ಹಾರುವ ಹೊತ್ತು) ಮುಂದೆ ಹೋಗಿದೆ ಅಥವಾ ಹೆಡ್ಡಿನ ತಳವನ್ನು ಹೆಚ್ಚು ತೇಯಿಸಿ ತೆಗೆಸಿದ್ದಾರೆ. ನಡುವೆ ತೂತು ಬಿದ್ದಿದ್ದರೆ ಪ್ಲಗ್ಗಿನ ಶಾಖದ ನಂಬರ್ ತಪ್ಪಿದೆ, ಇಲ್ಲವೇ ಜೆಟ್ (ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಬರುವ ಸಣ್ಣ ತೂತು) ಕಟ್ಟಿ ಪೆಟ್ರೋಲ್ ಸಾಲದೆ ಹೋಗಿದೆ. ಪಿಸ್ಟನ್ನಿನ ಒಂದೇ ಬದಿ, ಅಂದರೆ ಪಿಸ್ಟನ್ನನ್ನು ರಾಡಿಗೆ ಸೇರಿಸುವ ಗಜನ್ ಪಿನ್ ಇರುವ ಬದಿ ಸವೆದಿದ್ದರೆ ರಾಡ್ ಬಾಗಿರಬಹುದು.

ಯಾವ ಸಲಕರಣೆ ಬೇಕು?

ಮಾಮೂಲು ಸ್ಪ್ಯಾನರ್ ಪೆಟ್ಟಿಗೆಯ ಮೇಲೆ ನಾಲ್ಕೇ ನಾಲ್ಕು: ಆ ಗಾಡಿಯದ್ದೇ ಮ್ಯಾಗ್ನೆಟ್ ಪುಲ್ಲರ್, ಕ್ಲಚ್ ಹಬ್ ಹಿಡಿಯುವ ಸಲಕರಣೆ, ಬಡಿದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರ್, ಫೀಲರ್ ಗೇಜ್. ಪುಲ್ಲರ್ ಇಲ್ಲದೆ ಮ್ಯಾಗ್ನೆಟ್ಟಿಗೆ ಸುತ್ತಿಗೆ ಬಡಿದರೆ ಕ್ರ್ಯಾಂಕಿನ ನೇರ ತಪ್ಪುತ್ತದೆ. ಸೈಡ್ ಕವರಿನ ಸ್ಕ್ರೂಗಳು ಜಪಾನಿ ಮಾದರಿಯವು. ನಮ್ಮ ಸಾದಾ ಸ್ಟಾರ್ ಸ್ಕ್ರೂಡ್ರೈವರ್ ಅವುಗಳಲ್ಲಿ ಪೂರ್ತಿ ಕೂರುವುದಿಲ್ಲ, ತಲೆ ಉರುಟಾಗುತ್ತದೆ. ಒಮ್ಮೆ ಬಿಚ್ಚಿದ ಮೇಲೆ ಅಲನ್ ಬೋಲ್ಟ್ ಹಾಕಿಕೊಳ್ಳುವುದು ಜಾಣತನ.

ತೊಳೆಯಲು ಚಿಮಿಣಿ ಎಣ್ಣೆ ಅಥವಾ ಡೀಸೆಲ್ ಸಾಕು. ಕಾಸ್ಟಿಕ್ ಸೋಡ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ, ಕೇಸು ಹೆಡ್ಡುಗಳ ಹತ್ತಿರ ತರಬೇಡಿ. ಬಿಚ್ಚುವಾಗ ಪ್ರತಿ ಹಂತದ ಫೋಟೊ ತೆಗೆಯಿರಿ. ಗೇರ್ ಶಾಫ್ಟಿನ ವಾಷರುಗಳನ್ನು ಕ್ರಮ ತಪ್ಪದಂತೆ ತಂತಿಗೆ ಪೋಣಿಸಿಡಿ.

ಸಿಲಿಂಡರ್ ಕೊರೆಸಿ ಅಗಲಿಸುವ ಬೋರ್ ಕೆಲಸ ಮಾತ್ರ ಮಾಡಿಸಿದರೆ ಆಗದೇ? ಕೆಳಗಿನ ಕೇಸ್ ಒಡೆಯಲೇಬೇಕೇ?

ಓಡುತ್ತಿದ್ದ ಗಾಡಿಗಾದರೆ ಮೇಲಿನ ಕೆಲಸ ಸಾಕು. ವರ್ಷಗಟ್ಟಲೆ ನಿಂತದ್ದಕ್ಕೆ ಸಾಲದು. ಸೀಲುಗಳ ರಬ್ಬರು ಕಲ್ಲಾಗಿರುತ್ತದೆ, ಬೇರಿಂಗಿನ ಗುಂಡುಗಳ ಮೇಲೆ ತುಕ್ಕಿನ ಚುಕ್ಕೆ ಇರುತ್ತದೆ. ಹೊಸ ಪಿಸ್ಟನ್ನಿನ ಬಿಗಿ ಕಂಪ್ರೆಶನ್ ಹಳೆಯ ಬಿಗ್-ಎಂಡಿನ (ಕನೆಕ್ಟಿಂಗ್ ರಾಡಿನ ಕೆಳತುದಿಯ ಬೇರಿಂಗಿನ) ಮೇಲೆ ಬಿದ್ದರೆ ಸ್ವಲ್ಪ ದಿನಕ್ಕೇ ಕಟಕಟ ಶುರುವಾಗುತ್ತದೆ. ಸೀಲಿನ ಬೆಲೆ ಇಡೀ ಕೆಲಸದಲ್ಲಿ ಎಲ್ಲಕ್ಕಿಂತ ಕಡಿಮೆ. ಅದನ್ನು ಉಳಿಸಲು ಹೋಗಿ ಬೋರ್ ಕಳೆದುಕೊಳ್ಳುವುದು ಯಾವ ಲೆಕ್ಕ?

ಕೇಸ್ ಬೇರ್ಪಡಿಸುವಾಗ ಸಂದಿಗೆ ಸ್ಕ್ರೂಡ್ರೈವರ್ ತೂರಿಸಬೇಡಿ. ಅಲ್ಲಿ ಬಿದ್ದ ಗೀರು ಮುಂದೆ ಕಳ್ಳಗಾಳಿಯ ಬಾಗಿಲು. ಎಲ್ಲ ಸ್ಕ್ರೂ ತೆಗೆದಿದ್ದೀರೆಂದು ಎಣಿಸಿ ಖಚಿತಪಡಿಸಿಕೊಂಡು ರಬ್ಬರ್ ಸುತ್ತಿಗೆಯಿಂದ ಶಾಫ್ಟಿನ ತುದಿಗೆ ಮೆಲ್ಲನೆ ಬಡಿಯಿರಿ. ಕೇಸಿನ ಎರಡು ಭಾಗಗಳು ಜೋಡಿಯಾಗಿಯೇ ಮಾಡಿದವು, ಬೇರೆ ಎಂಜಿನಿನ ಅರ್ಧ ತಂದು ಕೂಡಿಸಬೇಡಿ.

ಯಾವ ಸೈಜಿಗೆ ಬೋರ್ ಮಾಡಿಸಬೇಕು?

ಸವೆತವನ್ನೂ ತುಕ್ಕಿನ ಹೊಂಡವನ್ನೂ ತೆಗೆಯುವ ಅತಿ ಸಣ್ಣ ಸೈಜಿಗೆ. ಓವರ್‌ಸೈಜ್ ಪಿಸ್ಟನ್ನುಗಳು 0.25, 0.50, 0.75, 1.00 ಮಿ.ಮೀ. ಹೀಗೆ ಏರುತ್ತವೆ, ಅಂದರೆ 50.25ರಿಂದ 51 ಮಿ.ಮೀ.ವರೆಗೆ. ಬೋರ್ ಗೇಜಿನಿಂದ ಮೇಲೆ, ನಡುವೆ, ಕೆಳಗೆ ಮೂರು ಕಡೆ, ಪ್ರತಿ ಕಡೆಯೂ ಎರಡು ದಿಕ್ಕಿನಲ್ಲಿ ಅಳೆಯಬೇಕು. ಒಂದಕ್ಕೊಂದು 0.05 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಹೊಸ ರಿಂಗ್ ಹಾಕಿ ಸುಧಾರಿಸುವ ಯೋಚನೆ ಬಿಡಿ. ಕೊನೆಯ ಸೈಜೂ ಮುಗಿದಿದ್ದರೆ ಹೊಸ ಲೈನರ್ (ಸಿಲಿಂಡರಿನ ಒಳಗಿನ ಕಬ್ಬಿಣದ ಕೊಳವೆ) ಹಾಕಿಸಿ ಮತ್ತೆ 50ರಿಂದ ಆರಂಭಿಸಬಹುದು.

ಲೇತಿನವರಿಗೆ ಏನು ಹೇಳಬೇಕು?

ಕಾಸರಗೋಡಿನಲ್ಲಾಗಲಿ ಮಂಗಳೂರಿನಲ್ಲಾಗಲಿ, ಪಿಸ್ಟನ್ ಕೈಯಲ್ಲಿ ಹಿಡಿದುಕೊಂಡೇ ಹೋಗಿ. «50.50ಕ್ಕೆ ಬೋರ್ ಮಾಡಿ» ಎನ್ನಬೇಡಿ, «ಈ ಪಿಸ್ಟನ್ನಿಗೆ ಬೋರ್ ಮಾಡಿ» ಎನ್ನಿ. ಡಬ್ಬದ ಮೇಲೆ ಒಂದೇ ಸೈಜ್ ಬರೆದ ಎರಡು ಪಿಸ್ಟನ್ನುಗಳ ನಡುವೆಯೂ ಮಿಲಿಮೀಟರಿನ ಎರಡು ಮೂರು ನೂರಂಶದ ವ್ಯತ್ಯಾಸ ಇರಬಹುದು. ಪಿಸ್ಟನ್ನನ್ನು ಕೆಳಅಂಚಿನಿಂದ ಸುಮಾರು 10 ಮಿ.ಮೀ. ಮೇಲೆ, ಪಿನ್ನಿಗೆ ಅಡ್ಡಲಾಗಿ ಅಳೆಯಬೇಕು. ಸಂದು 0.04ರಿಂದ 0.05 ಮಿ.ಮೀ. ಇರಲಿ. ಗುಡ್ಡ ಹತ್ತಿ ಬಿಸಿಯಾಗುವ ಗಾಡಿಗೆ 0.05ರ ಕಡೆಗೇ ಒಲವಿರಲಿ.

ಎರಡನೆಯ ಮಾತು, ಇದನ್ನು ಮರೆಯಲೇಬೇಡಿ: ಬೋರ್ ಆದ ಮೇಲೆ ಪೋರ್ಟುಗಳ, ಅಂದರೆ ಸಿಲಿಂಡರ್ ಗೋಡೆಯ ಕಿಟಕಿಗಳ, ಅಂಚು ಬ್ಲೇಡಿನಂತೆ ಹರಿತವಾಗಿರುತ್ತದೆ. ಅದನ್ನು ಸುತ್ತಲೂ ಸ್ವಲ್ಪ ಉರುಟು ಮಾಡಬೇಕು. ಡೀಸೆಲ್ ಎಂಜಿನಿನ ಲೈನರುಗಳಲ್ಲೇ ಕೈ ಪಳಗಿದವರು ಇದನ್ನು ಬಿಟ್ಟುಬಿಡುತ್ತಾರೆ, ಅವುಗಳಿಗೆ ಬೋರಿನಲ್ಲಿ ಇಂಥ ಕಿಟಕಿಗಳು ಇರುವುದು ಅಪರೂಪ. ಹರಿತ ಅಂಚಿಗೆ ಸಿಕ್ಕ ರಿಂಗ್ ಮೊದಲ ದಿನವೇ ಮುರಿದು ಎಲ್ಲವನ್ನೂ ಕೊರೆದು ಬಿಡುತ್ತದೆ. ಕೊನೆಗೆ ಹೋನಿಂಗ್ (ಸಾಣೆಕಲ್ಲಿನಿಂದ ಒಳಗೋಡೆ ಉಜ್ಜುವುದು) ಮಾಡಿಸಿ. ಗೋಡೆಯ ಮೇಲೆ ಓರೆ ಚೌಕಳಿ ಗೆರೆ ಕಾಣಬೇಕು. ಮನೆಗೆ ತಂದು ಸೋಪು ಮತ್ತು ಬಿಸಿನೀರಿನಲ್ಲಿ ಬ್ರಶ್ ಹಾಕಿ ತೊಳೆದು, ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆ ಬೂದು ಬಣ್ಣಕ್ಕೆ ತಿರುಗುವುದು ನಿಲ್ಲುವ ತನಕ ತೊಳೆಯುವುದು ಮುಗಿದಿಲ್ಲ. ಒಣಗಿದೊಡನೆ 2ಟಿ ಎಣ್ಣೆ ಸವರಿ, ಇಲ್ಲದಿದ್ದರೆ ನಮ್ಮ ಹವೆಗೆ ಅರ್ಧ ಗಂಟೆಯಲ್ಲೇ ತುಕ್ಕಿನ ಛಾಯೆ ಬರುತ್ತದೆ.

ವಿದೇಶದಿಂದ ಬಂದ ನಿಜವಾದ ಡರ್ಟ್ ಬೈಕಿಗೂ ಹೀಗೆಯೇ ಬೋರ್ ಮಾಡಬಹುದೇ?

ಮಾಡಬಾರದು. ಅವುಗಳಲ್ಲಿ ಹೆಚ್ಚಿನವಕ್ಕೆ ಕಬ್ಬಿಣದ ಲೈನರ್ ಇಲ್ಲ, ಅಲ್ಯೂಮಿನಿಯಂ ಮೇಲೆ ನಿಕಲ್-ಸಿಲಿಕಾನ್ ಲೇಪನವಿರುತ್ತದೆ. ಮತ್ತೆ ಲೇಪಿಸಬೇಕು, ಇಲ್ಲವೇ ಸಿಲಿಂಡರ್ ಬದಲಿಸಬೇಕು. ಆಯಸ್ಕಾಂತ ಬೋರಿನ ಒಳಗೋಡೆಗೆ ಅಂಟದಿದ್ದರೆ ಅದು ಲೇಪನದ್ದೇ.

ಕ್ರ್ಯಾಂಕ್ ಸರಿಯಿದೆಯೇ ಎಂದು ನೋಡುವುದು ಹೇಗೆ?

ಕನೆಕ್ಟಿಂಗ್ ರಾಡನ್ನು ನೇರ ಮೇಲಕ್ಕೆತ್ತಿ ಕೆಳಕ್ಕೊತ್ತಿ. ಈ ದಿಕ್ಕಿನಲ್ಲಿ ಆಟ ಇರಲೇಬಾರದು. ಟಕ್ ಎಂದರೆ ಬಿಗ್-ಎಂಡ್ ಹೋಗಿದೆ. ಪಕ್ಕಕ್ಕೆ ಸ್ವಲ್ಪ ಆಟ ಇರಬೇಕಾದ್ದೇ: ಬಿಗ್-ಎಂಡಿನ ಬದಿಯ ಸಂದು 0.2ರಿಂದ 0.7 ಮಿ.ಮೀ., ರಾಡಿನ ಮೇಲ್ತುದಿಯ ಓಲಾಟ 0.8ರಿಂದ 1 ಮಿ.ಮೀ. ಸಹಜ, 2 ಮಿ.ಮೀ. ದಾಟಿದರೆ ರಾಡ್ ಕಿಟ್ ಬದಲಿಸಿ. ಈ ಕ್ರ್ಯಾಂಕ್ ಒತ್ತಿ ಕೂಡಿಸಿದ್ದು, ಹೈಡ್ರಾಲಿಕ್ ಪ್ರೆಸ್ ಇಲ್ಲದೆ ಬಿಚ್ಚಲಾಗದು. ಮತ್ತೆ ಕೂಡಿಸಿದ ಮೇಲೆ ಎರಡೂ ತುದಿಗೆ ಡಯಲ್ ಗೇಜ್ ಇಟ್ಟು ನೇರ ಮಾಡಬೇಕು. 0.03 ಮಿ.ಮೀ.ಗಿಂತ ಹೆಚ್ಚು ಓಲಾಡಬಾರದು. «ಕಣ್ಣಂದಾಜಿನಲ್ಲಿ ನೇರ ಮಾಡಿದ್ದೇನೆ» ಎನ್ನುವವರಿಂದ ಕ್ರ್ಯಾಂಕ್ ವಾಪಸು ತನ್ನಿ.

ಬೇರಿಂಗ್ ಮತ್ತು ಸೀಲ್ ಕೂರಿಸುವ ಕ್ರಮ?

ಬೇರಿಂಗನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ರಾತ್ರಿ ಫ್ರೀಜರಿನಲ್ಲಿಡಿ. ಸೀಲ್ ಇಲ್ಲದ ಬರಿ ಕೇಸನ್ನು ಓವನ್ನಿನಲ್ಲಿ 100 ಡಿಗ್ರಿಯಷ್ಟು ಬಿಸಿ ಮಾಡಿ, ನೀರಿನ ಹನಿ ಬಿದ್ದರೆ ಚುರ್ ಎಂದು ಹಾರಬೇಕು. ಆಗ ಬೇರಿಂಗ್ ಬಹುಪಾಲು ತಾನಾಗಿಯೇ ಇಳಿಯುತ್ತದೆ. ಬಡಿಯಬೇಕಾದರೂ ಹೊರಬಳೆಗೆ ಮಾತ್ರ. ಕ್ರ್ಯಾಂಕಿಗೆ ಒಳಸಂದು ತುಸು ಹೆಚ್ಚಿರುವ, ಸಿ3 ಅಥವಾ ಸಿ4 ಗುರುತಿನ ಬೇರಿಂಗನ್ನೇ ಕೇಳಿ, ಸಾದಾ ಬೇರಿಂಗ್ ಬಿಸಿಯಾದಾಗ ಬಿಗಿಯುತ್ತದೆ. ಕೇಸ್ ತಣಿದ ಮೇಲೆ ಸೀಲಿನ ತುಟಿಗೆ ಗ್ರೀಸ್ ಸವರಿ ಕೂರಿಸಿ.

ಪಿಸ್ಟನ್ ಹಾಕುವಾಗ ಎಲ್ಲಿ ತಪ್ಪಾಗುತ್ತದೆ?

ರಿಂಗ್ ಗ್ಯಾಪ್ ಅಳೆಯದಿರುವುದು ಮೊದಲ ತಪ್ಪು. ರಿಂಗನ್ನು ಬೋರಿಗೆ ಹಾಕಿ ಪಿಸ್ಟನ್ ತಲೆಯಿಂದ 20 ಮಿ.ಮೀ. ಒಳಕ್ಕೆ ಸಮನಾಗಿ ತಳ್ಳಿ, ಫೀಲರ್ ತೂರಿಸಿ: 0.20ರಿಂದ 0.35 ಮಿ.ಮೀ. ಬರಬೇಕು. ಕಡಿಮೆಯಾದರೆ ಬಿಸಿಗೆ ತುದಿಗಳು ಕೂಡಿ ರಿಂಗ್ ಮುರಿಯುತ್ತದೆ, ನಯವಾದ ಅರದಿಂದ ತುದಿ ತೀಡಿ.

ಪಿಸ್ಟನ್ ತಲೆಯ ಬಾಣ ಸೈಲೆನ್ಸರ್ ಬದಿಗೆ. ಪಿಸ್ಟನ್ನಿನಲ್ಲಿ ರಿಂಗ್ ಕೂರುವ ಕಚ್ಚಿನೊಳಗೆ ಒಂದು ಸಣ್ಣ ಪಿನ್ ಇದೆ, ರಿಂಗಿನ ಎರಡು ತುದಿಗಳ ನಡುವೆ ಅದು ಕೂರಬೇಕು. ಪಿನ್ನಿನ ಮೇಲೆ ರಿಂಗ್ ಹತ್ತಿದ್ದರೆ ಸಿಲಿಂಡರ್ ಇಳಿಯದು, ಒತ್ತಿದರೆ ರಿಂಗ್ ಚೂರು. ಗಜನ್ ಪಿನ್ ಜಾರದಂತೆ ಹಿಡಿಯುವ ಸರ್ಕ್ಲಿಪ್ ಯಾವಾಗಲೂ ಹೊಸದು, ಅದರ ಬಾಯಿ ನೇರ ಮೇಲಕ್ಕೆ ಅಥವಾ ನೇರ ಕೆಳಕ್ಕೆ ಇರಲಿ. ಕ್ಲಿಪ್ ಹಾಕುವಾಗ ಕ್ರ್ಯಾಂಕ್ ಬಾಯಿಗೆ ಬಟ್ಟೆ ತುರುಕಿಡಿ. ಒಳಗೆ ಬಿದ್ದ ಕ್ಲಿಪ್ಪಿಗಾಗಿ ಇಡೀ ಕೇಸ್ ಮತ್ತೆ ಒಡೆಯುವುದು ಯಾರಿಗೂ ಬೇಡ.

ಹೆಡ್ ನಟ್ಟುಗಳನ್ನು ಮೂಲೆಯಿಂದ ಮೂಲೆಗೆ, ಮೂರು ಸುತ್ತಿನಲ್ಲಿ, ಕೊನೆಗೆ 20ರಿಂದ 25 ನ್ಯೂಟನ್ ಮೀಟರಿಗೆ. ಕೇಸಿನ 6 ಮಿ.ಮೀ. ಬೋಲ್ಟುಗಳಿಗೆ 10 ಸಾಕು.

ಸ್ಟಾರ್ಟ್ ಮಾಡುವ ಮುನ್ನ ಕಳ್ಳಗಾಳಿ ಇದೆಯೇ ಎಂದು ನೋಡಲು ಆಗುತ್ತದೆಯೇ?

ಆಗುತ್ತದೆ. ಹೆಚ್ಚಿನವರು ಮಾಡದ ಕೆಲಸ ಇದು, ಮಾಡಿದರೆ ಎರಡನೆಯ ಸಲ ಎಂಜಿನ್ ಬಿಚ್ಚುವುದು ತಪ್ಪುತ್ತದೆ. ಹಳೆಯ ಬಿಪಿ ನೋಡುವ ಉಪಕರಣ ಒಂದಿದ್ದರೆ ಸಾಕು. ಟಯರ್ ಟ್ಯೂಬಿನ ತುಂಡಿನಿಂದ ಸೈಲೆನ್ಸರ್ ಬಾಯಿ ಮುಚ್ಚಿ, ಪ್ಲಗ್ ಬಿಗಿ ಮಾಡಿ, ಕಾರ್ಬೊರೇಟರ್ ರಬ್ಬರಿಗೆ ತೂತು ಕೊರೆದ ಬಿರಡೆ ತುರುಕಿ ಬಿಪಿ ಪೈಪ್ ಸೇರಿಸಿ. ಪಿಸ್ಟನ್ ಕೆಳಗಿರಲಿ. ಬಿಪಿ ಮುಳ್ಳು 280ಕ್ಕೆ ಬರುವವರೆಗೆ ಒತ್ತಿ ಬಿಡಿ, ಅದು ಸುಮಾರು ಐದೂವರೆ ಪಿಎಸ್ಐ. ಐದು ನಿಮಿಷ ಮುಳ್ಳು ಹೆಚ್ಚುಕಡಿಮೆ ನಿಂತಲ್ಲೇ ನಿಲ್ಲಬೇಕು. ಇಳಿದರೆ ಸೋಪುನೀರು ಹಚ್ಚಿ ಗುಳ್ಳೆ ಎಲ್ಲಿ ಏಳುತ್ತದೆ ನೋಡಿ: ಸಿಲಿಂಡರ್ ಬುಡ, ರೀಡ್ ಬ್ಲಾಕ್ (ಕಾರ್ಬೊರೇಟರ್ ರಬ್ಬರಿನ ಬುಡದಲ್ಲಿರುವ, ಗಾಳಿಯನ್ನು ಒಳಕ್ಕಷ್ಟೇ ಬಿಡುವ ತಗಡಿನ ಬಾಗಿಲು), ಮ್ಯಾಗ್ನೆಟ್ ಹಿಂದಿನ ಸೀಲ್. ಗೇರ್ ಆಯಿಲ್ ತುಂಬುವ ತೂತಿಗೆ ಹಚ್ಚಿದ ಸೋಪು ಉಬ್ಬಿದರೆ ಕ್ಲಚ್ ಬದಿಯ ಸೀಲ್. ಸೈಕಲ್ ಪಂಪ್ ಹಾಕಿ 10 ಪಿಎಸ್ಐ ದಾಟಿಸಿದರೆ ಒಳ್ಳೆಯ ಸೀಲೂ ಹೊರಗೆ ಬರುತ್ತದೆ.

ಕಾರ್ಬೊರೇಟರ್, ಟ್ಯಾಂಕ್?

ಜೆಟ್ಟಿಗೆ ಉಕ್ಕಿನ ತಂತಿ ಹಾಕಬೇಡಿ, ತೂತು ದೊಡ್ಡದಾಗುತ್ತದೆ. ತಂಗೂಸಿಯ ಎಳೆ ಅಥವಾ ವಯರಿನ ಒಂದು ತಾಮ್ರದ ಎಳೆ ಸಾಕು. ಓವರ್‌ಫ್ಲೋ ಪೈಪಿನಲ್ಲಿ ಕುಂಬಾರ ಹುಳು ಮಣ್ಣು ಮೆತ್ತಿರುತ್ತದೆ, ಸೈಲೆನ್ಸರ್ ಬಾಯಲ್ಲೂ ನೋಡಿ. ಏರ್ ಸ್ಕ್ರೂ ಪೂರ್ತಿ ಮುಚ್ಚಿ ಒಂದೂವರೆ ಸುತ್ತು ಬಿಚ್ಚಿ ಆರಂಭಿಸಿ. ಟ್ಯಾಂಕಿನ ಒಳತುಕ್ಕಿಗೆ ವಿನೆಗರ್ ತುಂಬಿ ಎರಡು ದಿನ ಇಟ್ಟು, ಹಿಡಿ ನಟ್ಟು ಹಾಕಿ ಕುಲುಕಿ, ಅಡಿಗೆ ಸೋಡದ ನೀರಿನಲ್ಲಿ ತೊಳೆದು, ಬಿಸಿಲಲ್ಲಿ ಒಣಗಿಸಿ ಎಣ್ಣೆ ಹರಡಿ. ಬಿಂಬುಳಿ ತಿಕ್ಕುವ ಉಪಾಯ ಹೊರಗಿನ ತುಕ್ಕಿಗಾದರೆ ಸರಿ.

ಏರ್ ಫಿಲ್ಟರಿನ ಸ್ಪಂಜಿಗೆ ಎಣ್ಣೆ ಸವರಿ ಹಿಂಡಿ ಹಾಕಿ. ಒಣ ಸ್ಪಂಜು ಕೆಂಪು ಧೂಳನ್ನು ತಡೆಯದು.

ಪೆಟ್ರೋಲಿಗೆ 2ಟಿ ಎಣ್ಣೆ ಎಷ್ಟು?

ಹೊಸ ಬೋರಿನ ಮೊದಲ 500 ಕಿ.ಮೀ.ಗೆ ಲೀಟರಿಗೆ 40 ಮಿ.ಲೀ. ಆಮೇಲೆ 25ರಿಂದ 30. ಡಬ್ಬದಲ್ಲಿ ಜಾಸೊ (ಜಪಾನಿನ ಗುಣಮಟ್ಟ) ಎಫ್‌ಸಿ ಅಥವಾ ಎಫ್‌ಡಿ ಗುರುತು ನೋಡಿ. 2ಟಿ ಪಂಪ್ ಇರುವ ಗಾಡಿಯಾದರೂ, ಪಂಪಿನ ಪೈಪಿನಲ್ಲಿ ಗಾಳಿಗುಳ್ಳೆ ಇಲ್ಲವೆಂದು ಖಾತ್ರಿಯಾಗುವ ತನಕ ಟ್ಯಾಂಕಿಗೂ ಬೆರೆಸಿ. ಗೇರ್ ಪೆಟ್ಟಿಗೆಗೆ ಬೇರೆ ಎಣ್ಣೆ, ಆರ್‌ಎಕ್ಸ್ 100ಕ್ಕೆ ಸುಮಾರು 650 ಮಿ.ಲೀ.

ಮೊದಲ ಸ್ಟಾರ್ಟ್ ಮತ್ತು ರನ್ನಿಂಗ್-ಇನ್ ಹೇಗೆ?

ಸ್ಟಾರ್ಟ್ ಆದ ಮೇಲೆ ಐದು ನಿಮಿಷ ನಿಧಾನಕ್ಕೆ ಓಡಿಸಿ ನಿಲ್ಲಿಸಿ. ಕೈಯಿಟ್ಟರೆ ಪೂರ್ತಿ ತಣ್ಣಗಾಗುವ ತನಕ ಬಿಡಿ. ಹೀಗೆ ಮೂರು ಸಲ. ಮೂರನೆಯ ಸಲ ತಣಿದ ಮೇಲೆ ಹೆಡ್ ನಟ್ಟು ಮತ್ತೊಮ್ಮೆ ಬಿಗಿ ಮಾಡಿ. 500 ಕಿ.ಮೀ.ವರೆಗೆ ಅರ್ಧ ಆಕ್ಸಿಲರೇಟರ್ ದಾಟಬೇಡಿ, ಒಂದೇ ವೇಗದಲ್ಲೂ ಎಳೆಯಬೇಡಿ. ಟಾಪ್ ಗೇರಿನಲ್ಲಿ ಏದುಸಿರು ಬಿಡಿಸುತ್ತ ಏರು ಹತ್ತಿಸುವುದು ವೇಗವಾಗಿ ಓಡಿಸುವುದರಷ್ಟೇ ಕೆಟ್ಟದ್ದು, ಗೇರ್ ಇಳಿಸಿ. ಪ್ಲಗ್ಗಿನ ತುದಿ ಕಾಫಿಪುಡಿ ಬಣ್ಣದ್ದಾಗಿದ್ದರೆ ಸರಿ. ಬೆಳ್ಳಗಾಗಿದ್ದರೆ ಅಲ್ಲಿಗೇ ನಿಲ್ಲಿಸಿ ಕಳ್ಳಗಾಳಿ ಹುಡುಕಿ.

ಎಲ್ಲ ಮಾಡಿದ ಮೇಲೂ ಬಿಳಿ ಹೊಗೆ ನಿಲ್ಲುತ್ತಿಲ್ಲ.

ಮೊದಲ ಹತ್ತಿಪ್ಪತ್ತು ಕಿ.ಮೀ. ಹೊಗೆ ಹಳೆಯ ಸೈಲೆನ್ಸರಿನ ಎಣ್ಣೆಯದು. ಆಮೇಲೂ ಬಂದರೆ, ಜೊತೆಗೆ ಗೇರ್ ಆಯಿಲ್ ಕಡಿಮೆಯಾಗುತ್ತಿದ್ದರೆ, ಬಲಬದಿಯ, ಅಂದರೆ ಕ್ಲಚ್ ಬದಿಯ ಸೀಲ್ ಮಡಚಿದೆ.

ಕಾಗದಪತ್ರ?

ಎಂಜಿನ್ ನಂಬರ್ ಇರುವುದು ಕೇಸಿನ ಮೇಲೆ. ಕೇಸ್ ಬದಲಿಸಿದರೆ ಆರ್‌ಸಿಯಲ್ಲೂ ಬದಲಾಯಿಸಬೇಕು. 15 ವರ್ಷ ದಾಟಿದ ಗಾಡಿಗೆ ಫಾರ್ಮ್ 25ರಲ್ಲಿ ನೋಂದಣಿಯ ನವೀಕರಣ. ಗಡಿಯ ಆಚೆಯ ಕೆಎ 19, ಕೆಎ 21ರ ಗಾಡಿಯನ್ನು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವುದಾದರೆ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು ಕಾಸರಗೋಡಿನ ಕೆಎಲ್ 14ಕ್ಕೆ ಮಾಡಿಸಬೇಕು. ಎಂಜಿನಿಗೆ ದುಡ್ಡು ಸುರಿಯುವ ಮೊದಲೇ ಇದನ್ನು ವಿಚಾರಿಸಿ.

ಕಟ್ಟಿದ ಗಾಡಿಯನ್ನು ಮಳೆಗಾಲ ಪೂರ್ತಿ ನಿಲ್ಲಿಸುವುದಾದರೆ?

ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಅದು ನೀರು ಹೀರುತ್ತದೆ. ಹೆಚ್ಚಾದರೆ ನೀರು, ಎಥನಾಲ್ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, 2ಟಿ ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಸೆಪ್ಟೆಂಬರಿನಲ್ಲಿ ಕಿಕ್ ಹೊಡೆದಾಗ ಎಂಜಿನಿಗೆ ಮೊದಲು ಹೋಗುವುದು ಎಣ್ಣೆಯಿಲ್ಲದ ಆ ತಳದ ನೀರು. ಆದ್ದರಿಂದ ಟ್ಯಾಂಕ್, ಕಾರ್ಬೊರೇಟರ್ ಎರಡೂ ಖಾಲಿ ಮಾಡಿ. ಪ್ಲಗ್ ತೂತಿಗೆ 10 ಮಿ.ಲೀ. 2ಟಿ ಎಣ್ಣೆ ಹಾಕಿ ಕಿಕ್ಕರನ್ನು ಕೈಯಲ್ಲಿ ನಾಲ್ಕು ಸಲ ಒತ್ತಿ, ಕಂಪ್ರೆಶನ್ ಬಿಗಿಯುವಲ್ಲಿ ಪಿಸ್ಟನ್ ನಿಲ್ಲಿಸಿ, ಸೈಲೆನ್ಸರ್ ಬಾಯಿಗೆ ಎಣ್ಣೆಬಟ್ಟೆ ತುರುಕಿ. ಅದನ್ನು ತೆಗೆಯಲು ನೆನಪಾಗುವಂತೆ ಬಟ್ಟೆಯ ಒಂದು ತುದಿ ಹೊರಗೆ ನೇತಾಡುತ್ತಿರಲಿ.